ತಂಬೂರಿಯಿಂದ ಶುರುಮಾಡಿ: ಓಪನ್-ಬ್ಯಾಕ್ ಹೆಡ್‌ಫೋನ್ ರಸಿಕರಿಗೊಂದು ಕೈಪಿಡಿ

ಒಳ್ಳೆಯ ಹೆಡ್‌ಫೋನ್ ಕೊಳ್ಳಬೇಕೆಂದು ಹೊರಟವರಿಗೆ ಮುಂಬೈಯಲ್ಲಿ ಸಲಹೆಗೇನೂ ಬರವಿಲ್ಲ. ಬೇಸ್ ಎಷ್ಟು ಗುದ್ದುತ್ತದೆ, ಸೌಂಡ್‌ಸ್ಟೇಜ್ ಎಷ್ಟು ಅಗಲ, ಯಾವ ಕಂಪನಿ ಯಾವುದಕ್ಕಿಂತ ಮೇಲು ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಹೊಸಬರಿಗೆ ನಾನು ಹೇಳುವುದು ಒಂದೇ: ಎರಡು ಹೆಡ್‌ಫೋನುಗಳನ್ನು ಹೋಲಿಸಬೇಕಾದರೆ ಮೊದಲು ತಂಬೂರಿ ಕೇಳಿ. ಖಯಾಲಿನ ಯಾವುದಾದರೂ ಒಳ್ಳೆಯ ಧ್ವನಿಮುದ್ರಣ ಆರಿಸಿಕೊಳ್ಳಿ. ಗಾಯಕರು ಷಡ್ಜ ಹಚ್ಚುವ ಮೊದಲು ಬರೀ ತಂಬೂರಿ ನುಡಿಯುವ ಅರ್ಧ ನಿಮಿಷ ಸಾಕು. ಹೆಡ್‌ಫೋನಿನ ಗುಣಾವಗುಣದಲ್ಲಿ ಮುಕ್ಕಾಲು ಪಾಲು ಅಷ್ಟರಲ್ಲೇ ಬಯಲಾಗುತ್ತದೆ.

ಲೆಕ್ಕ ಹೀಗಿದೆ. ಗಂಡು ದನಿಯ ಅನೇಕ ಗಾಯಕರು ಹಾರ್ಮೋನಿಯಂನ ‘ಕಾಳಿ ಏಕ್’ ಎಂಬ ಮೊದಲ ಕಪ್ಪು ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಅಲ್ಲಿ ಷಡ್ಜ ಸುಮಾರು 139 ಹರ್ಟ್ಝ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ತಂತಿ ನುಡಿದಾಗ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳೂ ಜೊತೆಗೆ ನುಡಿಯುತ್ತವೆ. ಐದನೆಯದು ಸುಮಾರು 347 ಹರ್ಟ್ಝ್. ಅದೇ ಗಾಂಧಾರ. ತಂಬೂರಿಯ ನಾಲ್ಕು ತಂತಿಗಳಲ್ಲಿ ಗಾಂಧಾರಕ್ಕೆಂದು ತಂತಿಯೇ ಇಲ್ಲ. ಆದರೂ ಶ್ರುತಿ ಕೂಡಿದ ತಂಬೂರಿಯಲ್ಲಿ ಖರ್ಜದ ಬೆನ್ನಿಗೇ ಅದು ಮೇಲೆದ್ದು ಬರುತ್ತದೆ. ತಂತಿ ಕೂರುವ ಕುದುರೆಯ ಬಾಗಿದ ಮೈ ಮತ್ತು ತಂತಿಯ ಕೆಳಗೆ ಸಿಕ್ಕಿಸಿದ ನೂಲಿನೆಳೆ ಸೇರಿ ‘ಜವಾರಿ’ ಎನ್ನುವ ಈ ಝೇಂಕಾರವನ್ನು ಹುಟ್ಟಿಸುತ್ತವೆ. ನಮ್ಮ ವೀಣೆ, ತಂಬೂರಿಗಳ ಈ ವಿಶೇಷದ ಬಗ್ಗೆ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ಬರೆದಿದ್ದಾರೆ.

ಈಗ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬೇಸ್ ಊದಿಸಿದ ಹೆಡ್‌ಫೋನಿನಲ್ಲಿ ಖರ್ಜ ‘ಧುಂ’ ಎಂದು ಉಬ್ಬಿ ಗಾಂಧಾರವನ್ನು ಮುಚ್ಚಿಬಿಡುತ್ತದೆ. ಟ್ರೆಬಲ್ ಏರಿಸಿದ್ದರಲ್ಲಿ ಜವಾರಿಯ ಮೇಲಿನ ಝೇಂಕಾರವಷ್ಟೇ ಉಳಿದು, ಬುರುಡೆಯ ತುಂಬುದನಿ ಕಾಣೆಯಾಗುತ್ತದೆ. ತಂಬೂರಿ ತಗಡಿನದೇನೋ ಅನ್ನಿಸುತ್ತದೆ. ಸರಿಯಾದದ್ದರಲ್ಲಿ ಬೆರಳಿನ ಮೀಟು, ಖರ್ಜ, ಅದರೊಳಗಿಂದ ನಿಧಾನವಾಗಿ ಬಿಚ್ಚಿಕೊಳ್ಳುವ ಗಾಂಧಾರ, ಮುಂದಿನ ಮೀಟಿನವರೆಗೂ ಉಳಿಯುವ ಗುಂಗು, ಇಷ್ಟೂ ಒಂದಾದ ಮೇಲೊಂದು ಕೇಳಿಸುತ್ತವೆ. ಯಾರೂ ತೋರಿಸಿಕೊಡದೆ ಗಾಂಧಾರ ತಾನಾಗಿ ಕಿವಿಗೆ ಬಿದ್ದರೆ ಆ ಹೆಡ್‌ಫೋನನ್ನು ಇನ್ನಷ್ಟು ಹೊತ್ತು ಕೇಳಬಹುದು.

ಓಪನ್-ಬ್ಯಾಕ್ ಎಂದರೆ ದನಿ ಹುಟ್ಟಿಸುವ ಡ್ರೈವರಿನ ಹಿಂಬದಿಗೆ ಮುಚ್ಚಳದ ಬದಲು ಜಾಲರಿ ಇರುವುದು. ಡ್ರೈವರಿನ ಪೊರೆ ಹಿಂದಕ್ಕೆ ತಳ್ಳಿದ ಗಾಳಿ ಹೊರಗೆ ಹೋಗುತ್ತದೆ, ಬಟ್ಟಲಿನೊಳಗೆ ಬಡಿದು ಮರಳುವುದಿಲ್ಲ. ಅದರಿಂದ ದನಿ ಬಿಡಿಬಿಡಿಯಾಗಿ, ತಲೆಯ ಹೊರಗೆ ಎಲ್ಲೋ ಇದ್ದಂತೆ ಕೇಳುತ್ತದೆ. 1968ರ ಸೆನ್‌ಹೈಸರ್ ಎಚ್‌ಡಿ 414 ಈ ಬಗೆಯ ಮೊದಲ ಹೆಡ್‌ಫೋನ್. ಅದರ ಹಳದಿ ಸ್ಪಂಜಿನ ದಿಂಬುಗಳನ್ನು ಹಿರಿಯರು ಕೆಲವರು ನೆನೆಯುವುದುಂಟು. ಈ ಜಾಲರಿಗೆ ತೆರಬೇಕಾದ ಬೆಲೆಯೂ ಇದೆ: ಒಳಗಿನ ಹಾಡು ಹೊರಗೆ ಹೋಗುತ್ತದೆ, ಹೊರಗಿನ ಮುಂಬೈ ಒಳಗೆ ಬರುತ್ತದೆ.

ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ಕುರ್ಲಾದಲ್ಲೋ ಡೊಂಬಿವಿಲಿಯಲ್ಲೋ ಹಳಿಯ ಪಕ್ಕದ ಕಟ್ಟಡದಲ್ಲಿರುವವರ ಮನೆಗೆ ಲೋಕಲ್ ಗಾಡಿಯ ಗಡಗಡ ಹಗಲಿಡೀ ಬರುತ್ತದೆ. ರಿಕ್ಷಾಗಳ ಹಾರ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಎದುರು ಕಟ್ಟಡದ ರಿಪೇರಿಯ ಡ್ರಿಲ್ಲು ಬೇರೆ. ತಲೆಯ ಮೇಲಿನ ಫ್ಯಾನು ಒಂದೇ ಸಾಕು, ತಂಬೂರಿಯ ಗುಂಗಿನ ಕೊನೆಯ ಎಳೆಯನ್ನು ನುಂಗಿಹಾಕಲು. ಗದ್ದಲದ ನಡುವೆ ನಾವು ಅರಿವಿಲ್ಲದೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ವಾರಕ್ಕೆ 40 ಗಂಟೆಯಂತೆ 80 ಡೆಸಿಬೆಲ್‌ವರೆಗಿನ ಸದ್ದು ದೊಡ್ಡವರ ಕಿವಿಗೆ ಸುರಕ್ಷಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗದ್ದಲದ ಮೇಲೆ ಹಾಡು ಎತ್ತಿ ನಿಲ್ಲಿಸಹೊರಟರೆ ಆ ಗಡಿ ಬೇಗ ದಾಟುತ್ತದೆ. ಆದ್ದರಿಂದ ಹೋಲಿಕೆಯ ಕೆಲಸ ರಾತ್ರಿಯದು. ಒಂದು ಗಂಟೆಯ ಆಸುಪಾಸಿಗೆ ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲ ಗಾಡಿ ಹೊರಡುವವರೆಗೆ, ಊರು ಸ್ವಲ್ಪ ಸುಮ್ಮನಿರುತ್ತದೆ. ಎಸಿ, ಫ್ಯಾನು ಆರಿಸಿ ಆ ಹೊತ್ತಿನಲ್ಲಿ ಕೂತರೆ ಹಗಲು ಒಂದೇ ಎನಿಸಿದ ಎರಡು ಹೆಡ್‌ಫೋನುಗಳು ಬೇರೆಬೇರೆಯಾಗಿ ಕಾಣುತ್ತವೆ. ಹಾಗೆ ಕೂರುವ ಅನುಕೂಲವೇ ಇಲ್ಲದ ಮನೆಯಾದರೆ ಓಪನ್-ಬ್ಯಾಕಿಗೆ ಲಕ್ಷ ಸುರಿಯಬೇಡಿ. ಒಳ್ಳೆಯ ಮುಚ್ಚಿದ ಹೆಡ್‌ಫೋನ್ ತೆಗೆದುಕೊಳ್ಳಿ. ಪಕ್ಕದಲ್ಲೇ ಮಗು ಮಲಗಿದ್ದರಂತೂ ಖಂಡಿತ.

ಹೋಲಿಕೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ವಾಲ್ಯೂಮ್. ಒಂದೇ ಹಾಡು ಕೂದಲೆಳೆಯಷ್ಟು ಜೋರಾಗಿ ಕೇಳಿದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಹೆಡ್‌ಫೋನುಗಳು ಒಂದೇ ಆಂಪ್ಲಿಫೈಯರಿಗೆ ಒಂದೊಂದು ತರಹ ಸ್ಪಂದಿಸುತ್ತವೆ. ಸೆನ್‌ಹೈಸರ್ ಎಚ್‌ಡಿ 600 ಎಂಬುದರ ವಿದ್ಯುತ್ ತಡೆ 300 ಓಮ್. ಫೋಕಲ್ ಯುಟೋಪಿಯಾ 80 ಓಮಿನದು, ಬಹಳ ಬೇಗ ದನಿಯೇರುವಂಥದ್ದು. ವಾಲ್ಯೂಮ್ ಗುಂಡಿ ಮುಟ್ಟದೆ ಮೊದಲನೆಯದನ್ನು ತೆಗೆದು ಎರಡನೆಯದನ್ನು ಸಿಕ್ಕಿಸಿದರೆ ಹಾಡು ಒಮ್ಮೆಲೇ ಜೀವ ಬಂದಂತೆ ಎದ್ದು ಕೂರುತ್ತದೆ, ಕೊಳ್ಳುವವರು ಅಲ್ಲೇ ಸೋಲುತ್ತಾರೆ. ಹೈಫೈಮನ್‌ನ ಸುಸ್ವರ ಎಂಬ ಮಾದರಿ ಇದಕ್ಕೆ ತದ್ವಿರುದ್ಧ. ಅಪಾರ ಶಕ್ತಿಯ ಆಂಪ್ಲಿಫೈಯರ್ ಇಲ್ಲದೆ ಅದು ಬಾಯಿಬಿಡುವುದೇ ಇಲ್ಲ. ದನಿಮಟ್ಟ ಸರಿದೂಗಿಸಲು ದೊಡ್ಡ ಯಂತ್ರ ಬೇಡ. ಕಿವಿದಿಂಬಿನ ಅಗಲಕ್ಕೆ ರಟ್ಟು ಕತ್ತರಿಸಿ, ನಡುವೆ ಫೋನಿನ ಮೈಕಿಗೆ ತೂತು ಮಾಡಿ, ಜೊರ್ರನೆ ಮಳೆ ಸುರಿದಂತೆ ಕೇಳುವ ಪಿಂಕ್ ನಾಯ್ಸ್ ಹಾಕಿ, ಡೆಸಿಬೆಲ್ ತೋರಿಸುವ ಆ್ಯಪಿನಲ್ಲಿ ಎರಡೂ ಹೆಡ್‌ಫೋನುಗಳ ಅಂಕಿ ಒಂದಾಗುವ ಗುಂಡಿಯ ಜಾಗ ಗುರುತು ಮಾಡಿಕೊಳ್ಳಿ. ಫೋನಿನ ಅಂಕಿ ಕರಾರುವಾಕ್ಕಲ್ಲ, ಆದರೆ ಎರಡನ್ನೂ ಒಂದೇ ತಪ್ಪಿನಿಂದ ಅಳೆಯುವುದರಿಂದ ಕೆಲಸ ನಡೆಯುತ್ತದೆ.

ಇನ್ನೊಂದು ವಿಷಯ: ಕನ್ನಡಕ. ಅದರ ಕಡ್ಡಿ ದಿಂಬನ್ನು ಎತ್ತಿಹಿಡಿದರೆ ಸಂದಿಯಿಂದ ಬೇಸ್ ಸೋರಿಹೋಗುತ್ತದೆ. ನಿತ್ಯ ಕನ್ನಡಕ ಹಾಕಿಕೊಂಡೇ ಕೇಳುವವರು ಹೋಲಿಸುವಾಗಲೂ ಹಾಕಿಕೊಂಡಿರಬೇಕು.

ಇನ್ನು ಹೆಸರಾಂತ ಹೆಡ್‌ಫೋನುಗಳ ಮಾತು. ಹೊಸಬರು ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದದ್ದು 1997ರ ಎಚ್‌ಡಿ 600, ಅಥವಾ ಅದರ ಬೆನ್ನಿಗೆ 2003ರಲ್ಲಿ ಬಂದ ಎಚ್‌ಡಿ 650. ಇವುಗಳಲ್ಲಿ ಮಾನವ ಕಂಠದ ದಪ್ಪ, ಬಿಸುಪು, ಉಸಿರು ಯಾವುದೂ ಹೆಚ್ಚುಕಮ್ಮಿಯಾಗುವುದಿಲ್ಲ. 650ರಲ್ಲಿ ಮೇಲಿನ ಭಾಗ ತುಸು ಮೆತ್ತಗೆ; ತೆಳು ಪರದೆ ಎಳೆದಂತಿದೆ ಎಂದು ಆಕ್ಷೇಪಿಸುವವರಿದ್ದಾರೆ. ಹಳೆಯ ಧ್ವನಿಮುದ್ರಣ ಕೇಳುವವರಿಗೆ ಆ ಮೆದುತನ ವರವೇ. ತಳದ ಬೇಸ್ ಎರಡರಲ್ಲೂ ಸೊರಗುತ್ತದೆ: ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ‘ಘುಂ’ ಇದೆಯಲ್ಲ, ಅದರ ಬುಡ ಇವುಗಳಲ್ಲಿ ಪೂರ್ತಿ ಇಳಿಯುವುದಿಲ್ಲ.

ಆ ಬುಡ ಬೇಕೆಂದರೆ ಪ್ಲೇನಾರ್ ಕೇಳಬೇಕು. ಇದರಲ್ಲಿ ಸುರುಳಿ, ಶಂಕುವಿನ ಬದಲು ಅಯಸ್ಕಾಂತಗಳ ನಡುವೆ ತೆಳು ಹಾಳೆಯೊಂದು ಇಡಿಯಾಗಿ ಅಲುಗುತ್ತದೆ. ಅಮೆರಿಕದ ಆಡೀಝೆ ಕಂಪನಿಯ ಎಲ್‌ಸಿಡಿ ಸಾಲಿನವುಗಳಲ್ಲಿ ಡಗ್ಗಾ ನೆಲಕ್ಕಿಳಿಯುವವರೆಗೆ ಕೇಳಿಸುತ್ತದೆ. ಆದರೆ ಅವುಗಳಲ್ಲಿ ಹಲವುಗಳ ತೂಕ ಅರ್ಧ ಕಿಲೋ ಮೀರುತ್ತದೆ. ಮುಂಬೈಯ ಮೇ ತಿಂಗಳಲ್ಲಿ ಫ್ಯಾನು ಆರಿಸಿಕೊಂಡು, ಚರ್ಮದ ದಿಂಬು ಒತ್ತಿಸಿಕೊಂಡು ಒಂದು ವಿಲಂಬಿತ ಖಯಾಲು ಮುಗಿಸುವುದು ಕಷ್ಟ. ಹೈಫೈಮನ್‌ನ ಸುಂದರ, ಆರ್ಯ ಎಂಬ ಮಾದರಿಗಳು ಹಗುರ. ಇವುಗಳಲ್ಲಿ 1ರಿಂದ 2 ಕಿಲೋಹರ್ಟ್ಝ್ ನಡುವೆ ದನಿ ತುಸು ತಗ್ಗುತ್ತದೆ. ಅದರಿಂದ ಗಾಯಕರು ಎರಡು ಹೆಜ್ಜೆ ಹಿಂದೆ ಸರಿದು ಕೂತಂತಾಗಿ ವೇದಿಕೆ ದೊಡ್ಡದೆನಿಸುತ್ತದೆ. ಸೌಂಡ್‌ಸ್ಟೇಜ್ ಎಂದು ಹೊಗಳಿಸಿಕೊಳ್ಳುವುದರಲ್ಲಿ ಒಂದು ಪಾಲು ಈ ತಗ್ಗೇ. ಅದು ಹಿತವಾಗಿರಬಹುದು, ಆದರೆ ಧ್ವನಿಮುದ್ರಣದಲ್ಲಿ ಇರುವಂಥದ್ದಲ್ಲ ಎಂಬುದು ಗೊತ್ತಿರಬೇಕು.

2009ರ ಎಚ್‌ಡಿ 800 ಅಗಲಕ್ಕೇ ಹೆಸರಾದದ್ದು. ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಬೆರಳಿಟ್ಟು ತೋರಿಸುತ್ತದೆ. ಅದರ 6 ಕಿಲೋಹರ್ಟ್ಝ್ ಆಸುಪಾಸಿನ ಮೊನೆ ಮಾತ್ರ ಕಿವಿ ಚುಚ್ಚುತ್ತಿತ್ತು. 2016ರ ಎಚ್‌ಡಿ 800 ಎಸ್‌ನಲ್ಲಿ ಅದನ್ನು ಹೀರಿಕೊಳ್ಳುವ ವ್ಯವಸ್ಥೆ ಮಾಡಿ ತಗ್ಗಿಸಿದರು. ಅದೇ 2016ರಲ್ಲಿ 4000 ಡಾಲರ್ ಬೆಲೆಯೊಂದಿಗೆ ಬಂದ ಫ್ರಾನ್ಸಿನ ಯುಟೋಪಿಯಾದ ಪೊರೆ ಬೆರಿಲಿಯಂನದು. ಭೀಮಸೇನ ಜೋಶಿಯವರ ತಾನ್ ಮಂದ್ರದಿಂದ ಚಿಮ್ಮಿ ತಾರಕ್ಕೆ ಅಪ್ಪಳಿಸುವಾಗ ಆ ಏರಿನ ಬಿರುಸನ್ನು ಇದರಷ್ಟು ಸಲೀಸಾಗಿ ಕೊಡುವುದನ್ನು ನಾನು ಬೇರೆ ಯಾವುದರಲ್ಲೂ ಕೇಳಿಲ್ಲ. ಜಪಾನಿನ ಸ್ಟ್ಯಾಕ್ಸ್ 1960ರಿಂದ ಮಾಡುತ್ತ ಬಂದಿರುವ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನುಗಳದ್ದು ಬೇರೆಯೇ ದಾರಿ. 580 ವೋಲ್ಟ್ ವಿದ್ಯುದಾವೇಶ ಹೊತ್ತ ಅತಿ ತೆಳು ಪೊರೆ, ಅದಕ್ಕೆಂದೇ ಪ್ರತ್ಯೇಕ ಆಂಪ್ಲಿಫೈಯರ್. ಜವಾರಿಯ ಎಳೆಎಳೆ ಬಿಡಿಸಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಡಲ ತೇವ ಅದರ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಇಲ್ಲದ ಕೋಣೆಯಲ್ಲಿ ಸ್ಟ್ಯಾಕ್ಸ್ ಇಡುವ ಧೈರ್ಯ ಮಾಡಬೇಡಿ.

ಏನು ಕೇಳಿ ಹೋಲಿಸಬೇಕು? ಇಲ್ಲಿ ಮುಂಬೈ ಕನ್ನಡಿಗರಿಗೆ ದೊಡ್ಡ ಆಸ್ತಿಯೇ ಇದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಎಳೆಯ ವಯಸ್ಸಿನಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ ದನಿ ತೆಳುವಾಗಿ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ನಾವು ಬಲ್ಲ ಆ ಗಂಭೀರ ಕಂಠವಾಯಿತು. ಎರಡು ಕಾಲದ ಎರಡು ಮುದ್ರಣಗಳನ್ನು ಒಂದರ ಬೆನ್ನಿಗೊಂದು ಹಾಕಿ. ನಡುಭಾಗ ಸರಿಯಿರುವ ಹೆಡ್‌ಫೋನ್ ಎರಡೂ ದನಿಗಳ ವ್ಯತ್ಯಾಸವನ್ನು ಪೂರ್ತಿ ತೋರಿಸುತ್ತದೆ, ಎಲ್ಲಕ್ಕೂ ಒಂದೇ ಬಣ್ಣ ಬಳಿಯುವಂಥದ್ದು ಎರಡನ್ನೂ ಹತ್ತಿರ ತಂದುಬಿಡುತ್ತದೆ. ಮುಂಬೈಯಲ್ಲಿ ಮಂಜಿ ಖಾನರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರ ಇಳಿವಯಸ್ಸಿನ ಮುದ್ರಣಗಳಲ್ಲಿ ಒಂದು ಆವರ್ತ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಉಸಿರನ್ನು ಗಮನಿಸಿ. ಇದೇ ಊರಿನಲ್ಲಿ ಬಿ.ಆರ್. ದೇವಧರರ ಶಿಷ್ಯನಾಗಿ ಬೆಳೆದ, ಸುಳೇಭಾವಿಯ ಕುಮಾರ ಗಂಧರ್ವರಲ್ಲಿ ಸ್ವರ ಥಟ್ಟನೆ ನಿಲ್ಲುವ ಜಾಗಗಳನ್ನು ಕೇಳಿ: ಅಲ್ಲಿ ನಿಜವಾಗಿ ಮೌನ ಬರುತ್ತದೆಯೇ, ಇಲ್ಲ ಹಿಂದಿನ ದನಿಯ ಬಾಲ ಎಳೆದುಕೊಂಡೇ ಇರುತ್ತದೆಯೇ?

ಈ ಮುದ್ರಣಗಳಲ್ಲಿ ಹಳೆಯವೆಲ್ಲ ಮೋನೋ ಎಂಬುದು ನೆನಪಿರಲಿ. ಎರಡೂ ಕಿವಿಗೆ ಒಂದೇ ದನಿ. ಗಾಯಕ, ತಬಲಾ, ಸಾರಂಗಿ ಎಲ್ಲ ನೆತ್ತಿಯ ನಡುವೆ ಒಂದೇ ಬಿಂದುವಿನಲ್ಲಿ. ಲಕ್ಷಗಟ್ಟಲೆ ಕೊಟ್ಟರೂ ಅದರಿಂದ ಅಗಲವಾದ ವೇದಿಕೆ ಹುಟ್ಟದು. 78 ಆರ್‌ಪಿಎಂ ತಟ್ಟೆಗಳಲ್ಲಿ ಮೇಲಿನ ಕಂಪನಗಳೂ ಬಹಳ ಇಲ್ಲ. ಅಲ್ಲಿರುವುದು ಸೂಜಿಯ ಸರಸರ. ಎಚ್‌ಡಿ 800ರಂಥದ್ದು ಆ ಸರಸರವನ್ನೇ ಎತ್ತಿ ಹಿಡಿಯುತ್ತದೆ. ನಿಮ್ಮ ಸಂಗ್ರಹ ಬಹುಪಾಲು ಹಳೆಯ ಖಯಾಲು, ನಾಟ್ಯಗೀತೆ, ಐವತ್ತರ ದಶಕದ ಸಿನಿಮಾ ಹಾಡುಗಳದ್ದಾದರೆ ಅತಿ ಅಗಲದ, ಅತಿ ಮೊನಚಿನ ಹೆಡ್‌ಫೋನ್ ನಿಮಗಲ್ಲ. ಈ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹೋಲಿಕೆಗೆ ಕಿವಿಯಲ್ಲೊಂದು ಮೂಲ ಬೇಕಲ್ಲವೇ? ಅದು ಸಿಗುವುದು ಬೈಠಕ್ಕಿನಲ್ಲಿ. ಷಣ್ಮುಖಾನಂದದಂಥ ದೊಡ್ಡ ಸಭಾಂಗಣದಲ್ಲಿ ನಾವು ಕೇಳುವುದು ಸ್ಪೀಕರುಗಳನ್ನು. ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ 1980ರಲ್ಲಿ ತೆರೆದ ಟಾಟಾ ಥಿಯೇಟರನ್ನು ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಮೈಕಿನ ಹಂಗಿಲ್ಲದೆ ಕೇಳುವಂತೆ ರೂಪಿಸಿದ್ದರು; ಅಲ್ಲಿ ಮೈಕು ಕಡಿಮೆ ಇಟ್ಟ ಕಛೇರಿಯಿದ್ದರೆ ತಪ್ಪಿಸಿಕೊಳ್ಳಬೇಡಿ. ಅದಕ್ಕಿಂತ ಮೇಲು ದಾದರ್, ಮಾಟುಂಗಾ, ಪಾರ್ಲೆ, ಠಾಣೆಗಳಲ್ಲಿ ಮನೆಯ ಹಾಲಿನಲ್ಲೇ ಚಾಪೆ ಹಾಸಿ ನಡೆಸುವ ಸಣ್ಣ ಕೂಟಗಳು. ತಂಬೂರಿಯಿಂದ ಆರಡಿ ದೂರ ಕೂತು ಒಮ್ಮೆ ಕೇಳಿಬಿಡಿ. ಮುಂದೆ ಯಾವ ಅಂಗಡಿಗೆ ಹೋದರೂ ಕಿವಿ ಮೋಸಹೋಗದು.

ಮನೆಗೆ ತಂದ ಮೇಲಿನ ಮಾತು ಸ್ವಲ್ಪವೇ. ಮಳೆಗಾಲದಲ್ಲಿ ದಿಂಬಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೆವರಿನ ದಿಂಬು ಒಣಗಿದ ಮೇಲೆಯೇ ಒಳಗಿಡಿ. ದಿಂಬು ಚಪ್ಪಟೆಯಾದರೆ ಕಿವಿ ಡ್ರೈವರಿಗೆ ಹತ್ತಿರವಾಗಿ ದನಿಯೇ ಬದಲಾಗುತ್ತದೆ, ಆದ್ದರಿಂದ ಬದಲಿ ದಿಂಬು ಸಿಗುವ ಮಾದರಿಯನ್ನೇ ಕೊಳ್ಳಿ. ಎಚ್‌ಡಿ 600ರ ದಿಂಬು, ತಲೆಪಟ್ಟಿ, ವೈರು ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಕಾಲು ಶತಮಾನ ದಾಟಿದ ಮೇಲೂ ಅದು ಬಾಳುತ್ತಿರುವುದಕ್ಕೆ ಅದೂ ಒಂದು ಕಾರಣ.

ನನ್ನ ತೀರ್ಪು ಕೇಳುವುದಾದರೆ: ಕಂಠಸಂಗೀತಕ್ಕೆ ಎಚ್‌ಡಿ 600 ಅಥವಾ 650, ಜೊತೆಗೆ ಅದನ್ನು ನಿರಾಯಾಸವಾಗಿ ನಡೆಸುವ ಸಾಧಾರಣ ಆಂಪ್ಲಿಫೈಯರ್. ತಬಲಾ, ಪಖವಾಜ್ ಪ್ರೀತಿಸುವವರು ಪ್ಲೇನಾರಿಗೆ ಹೋಗಿ. ಯುಟೋಪಿಯಾ ಇವೆಲ್ಲಕ್ಕಿಂತ ಉತ್ತಮ, ಆದರೆ ಬೆಲೆಯ ಅಂತರದಷ್ಟು ಉತ್ತಮವಲ್ಲ. ಯಾವುದನ್ನೇ ಆರಿಸಿದರೂ ನಿಮಗೆ ಬಾಯಿಪಾಠವಾಗಿರುವ ಒಂದು ಖಯಾಲನ್ನು ಜೊತೆಗೆ ಒಯ್ಯಿರಿ, ವಿಲಂಬಿತದಿಂದ ದ್ರುತದವರೆಗೆ ಪೂರ್ತಿ ಕೇಳಿ, ಅಷ್ಟು ಹೊತ್ತು ಕೂರಲು ಬಿಡದವರಲ್ಲಿ ಕೊಳ್ಳಬೇಡಿ.