‘ಸೇಮ್‌ಗೇಮ್’: ಒಂದು ವಿಮರ್ಶೆ

ಜಪಾನಿನ ಕುನಿಯಾಕಿ ಮೊರಿಬೆಯವರು 1985ರಲ್ಲಿ ರಚಿಸಿದ ‘ಚೈನ್ ಶಾಟ್’ ಎಂಬ ಕಂಪ್ಯೂಟರ್ ಆಟವು ಮುಂದೆ ‘ಸೇಮ್‌ಗೇಮ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಚೌಕದ ಮನೆಗಳ ಪಟದಲ್ಲಿ ಒತ್ತೊತ್ತಾಗಿರುವ ಒಂದೇ ಬಣ್ಣದ ಎರಡು ಅಥವಾ ಹೆಚ್ಚು ಕಾಯಿಗಳನ್ನು ಒಮ್ಮೆಗೆ ತೆಗೆಯಬೇಕು. ಮೇಲಿನವು ಕೆಳಕ್ಕಿಳಿಯುತ್ತವೆ, ಕಂಬಸಾಲು ಬರಿದಾದರೆ ಪಕ್ಕದ ಸಾಲುಗಳು ಸರಿದು ಕೂಡಿಕೊಳ್ಳುತ್ತವೆ. ಇದನ್ನು ಬರಿಯ ಕಾಲಹರಣವೆನ್ನುವವರ ಮತವನ್ನು ನಾವು ಒಪ್ಪಲಾರೆವು.

ಆಟದ ತಿರುಳಿರುವುದು ಅಂಕಗಣನೆಯಲ್ಲಿ. ರೂಢಿಯ ಕ್ರಮದಂತೆ, ತೆಗೆದ ಕಾಯಿಗಳ ಸಂಖ್ಯೆಯಿಂದ 2ನ್ನು ಕಳೆದು, ಉಳಿದುದನ್ನು ವರ್ಗಮಾಡಬೇಕು. ಐದೈದರಂತೆ ಎರಡು ಸಲ ತೆಗೆದರೆ 18 ಅಂಕ. ಹತ್ತನ್ನೂ ಕೂಡಿಸಿ ತೆಗೆದರೆ 64. ಆದುದರಿಂದ ಕೈಗೆ ಸಿಕ್ಕುದನ್ನು ಬಿಟ್ಟು ಕಾಯುವುದೇ ಲಾಭ. ಆದರೆ ದೊಡ್ಡ ಗುಂಪಿನ ಆಸೆಯಿಂದ ಇತರ ಬಣ್ಣಗಳನ್ನು ತೆಗೆಯುತ್ತ ಹೋದರೆ ಒಂಟಿಕಾಯಿಗಳು ಉಳಿದು, ಪಟ ಬರಿದಾಗದೆ ಹೋಗಬಹುದು. ಈ ದ್ವಂದ್ವವೇ ಆಟದ ಜೀವಾಳ.

2001ರ ‘ಬಿಜ್ಯುವೆಲ್ಡ್’ ಆಟದಲ್ಲಿ ತೆರವಾದೆಡೆಗೆ ಹೊಸ ಕಾಯಿಗಳು ಸುರಿಯುತ್ತವೆ. ಆಡಿದವನ ತಪ್ಪನ್ನು ಅದೃಷ್ಟವು ಮುಚ್ಚಬಹುದು. ‘ಸೇಮ್‌ಗೇಮ್’ನಲ್ಲಿ ಎಲ್ಲವೂ ಮೊದಲೇ ಕಣ್ಣೆದುರಿಗಿದೆ. ಆದರೂ ಕಂಡುದೆಲ್ಲ ಬುದ್ಧಿಗೆ ನಿಲುಕದು: ಐದು ಬಣ್ಣಗಳಿದ್ದರೆ, ಎರಡೇ ಕಂಬಸಾಲುಗಳ ಪಟವು ಪೂರ್ತಿ ಬರಿದಾದೀತೇ ಎಂದು ನಿರ್ಣಯಿಸುವುದೂ ಎನ್‌ಪಿ-ಪೂರ್ಣವೆಂಬ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆಂದು ಗಣಿತಜ್ಞರು ಸಾಧಿಸಿದ್ದಾರೆ. ಕಣ್ಣೆದುರಿಗಿದ್ದ ಪರಿಣಾಮವನ್ನು ಕಾಣದೆ ಕೆಟ್ಟವರ ಕಥೆಯನ್ನು ಓದುವ ಇತಿಹಾಸದ ವಿದ್ಯಾರ್ಥಿಗೆ ಇವೆರಡರಲ್ಲಿ ಹಳೆಯ ಆಟವೇ ಮೇಲೆಂಬುದು ನಮ್ಮ ಅಭಿಪ್ರಾಯ.