ಮುಂದಿನ ಗಾಡಿ ಬಿಡಿ, ಹಿಂದಿನದನ್ನು ನೋಡಿ

"ಕಾಕಾ, ಫಸ್ಟ್ ಯಾರದಾರ? ಅಷ್ಟ ಹೇಳ್ರಿ, ಸಾಕು."

ಈ ಪ್ರಶ್ನೆ ಕೇಳಿದವರಿಗೆ ನಮ್ಮ ಮನೆಯಲ್ಲಿ ಚಹಾ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ನಾಲ್ಕು ತಾಸಿನ ಸ್ಪೋರ್ಟ್ಸ್ ಕಾರ್ ರೇಸಿನಲ್ಲಿ ಫಸ್ಟ್ ಯಾರು ಎಂಬುದು ಕೊನೆಗೆ ಹೇಗೂ ಗೊತ್ತಾಗುತ್ತದೆ. ಅದಕ್ಕಾಗಿ ನಾಲ್ಕು ತಾಸು ಕೂರಬೇಕಿಲ್ಲ.

2022ರ ಡಿಸೆಂಬರಿನಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಇಂಡಿಯನ್ ರೇಸಿಂಗ್ ಲೀಗ್ ನಡೆದಾಗ ನಮ್ಮ ಕಡೆಯ ಹುಡುಗರೂ ಹೋಗಿದ್ದರು. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸೀದಾ ಹೈದರಾಬಾದು. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಹೋದವರು ಮಾಡಿದ್ದೇನು? ಟ್ರ್ಯಾಕಿನ ಜಾಲರಿಗೆ ಬೆನ್ನು ಕೊಟ್ಟು ಸೆಲ್ಫಿ. ಆ ಲೀಗಿನಲ್ಲಿ ಹೈದರಾಬಾದ್ ಬ್ಲ್ಯಾಕ್‌ಬರ್ಡ್ಸ್ ತಂಡಕ್ಕೆ ನೀಲ್ ಜಾನಿ ಗಾಡಿ ಓಡಿಸುತ್ತಿದ್ದ. ಭಾರತೀಯ ತಂದೆಯ ಈ ಸ್ವಿಸ್ ಚಾಲಕ 2016ರಲ್ಲಿ ಪೋರ್ಷೆಯಲ್ಲಿ ಲ್ ಮಾನ್ಸ್ 24 ತಾಸಿನ ಓಟ ಗೆದ್ದವರಲ್ಲಿ ಒಬ್ಬ. ಆ ಸಲ ಮುಂದಿದ್ದ ಟೊಯೊಟಾ ಇನ್ನೇನು ಐದು ನಿಮಿಷ ಬಾಕಿ ಇದೆ ಎನ್ನುವಾಗ ಶಕ್ತಿ ಕಳೆದುಕೊಂಡಿತು. ಪೋರ್ಷೆ ಅದನ್ನು ದಾಟಿ ಹೋದಾಗ ಸ್ಟಿಯರಿಂಗ್ ಹಿಡಿದಿದ್ದವನೂ ಈತನೇ. ನಮ್ಮ ಹುಡುಗರಲ್ಲಿ ಒಬ್ಬನಿಗೂ ಅವನ ಹೆಸರು ಗೊತ್ತಿರಲಿಲ್ಲ. ವಾಪಸ್ ಬಂದು ತೋರಿಸಿದ ವಿಡಿಯೋಗಳಲ್ಲಿ ಬರೀ ಸದ್ದು. ಸದ್ದೇ ಬೇಕಿದ್ದರೆ ಶಹಾಬಾದಿನ ಸಂಜೆಯಲ್ಲಿ ಸೈಲೆನ್ಸರ್ ಕಿತ್ತ ಬೈಕುಗಳಿಗೇನು ಬರವೇ?

ಫಾರ್ಮುಲಾ ಒನ್ ಭಕ್ತರ ವಿಷಯ ಎತ್ತುವುದಿಲ್ಲ. ಅಲ್ಲಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ವೇಗ. ನಿಧಾನದವನಿಗೆ ನೀಲಿ ಬಾವುಟ ತೋರಿಸಿದರೆ ಅವನು ಸರಿದು ದಾರಿ ಬಿಡಲೇಬೇಕು. ಅಂದರೆ ರೇಸಿನ ಅತ್ಯಂತ ರುಚಿಯ ಭಾಗವನ್ನು ಸೋಸಿ ಚೆಲ್ಲಿದ ಮೇಲೆ ಉಳಿದದ್ದನ್ನು ಅವರು ಚಪ್ಪರಿಸುತ್ತಾರೆ. ಅವರಿಗೆ ಒಳ್ಳೆಯದಾಗಲಿ.

ಹೊಸಬರು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು 2021ರ ಏಷ್ಯನ್ ಲ್ ಮಾನ್ಸ್ ಸರಣಿಯತ್ತ ಕೈ ತೋರಿಸುತ್ತೇನೆ. ಕೋವಿಡ್ ಕಾಲ. ಇಡೀ ಸೀಸನ್ನು ಎಂಟೇ ದಿನದಲ್ಲಿ ಮುಗಿಯಿತು: ಫೆಬ್ರವರಿ 13 ಮತ್ತು 14ರಂದು ದುಬೈ, 19 ಮತ್ತು 20ರಂದು ಅಬುಧಾಬಿಯ ಯಾಸ್ ಮರೀನಾ. ತಲಾ ನಾಲ್ಕು ತಾಸಿನ ನಾಲ್ಕು ಓಟ. ಒಂದೇ ಟ್ರ್ಯಾಕಿನಲ್ಲಿ ಒಟ್ಟಿಗೇ ಮೂರು ಜಾತಿಯ ಗಾಡಿಗಳು. ಎಲ್ಲಕ್ಕಿಂತ ಚುರುಕು ಎಲ್‌ಎಂಪಿ2. ಅದರ ತಮ್ಮ ಎಲ್‌ಎಂಪಿ3. ಆಮೇಲೆ ಪೋರ್ಷೆ, ಫೆರಾರಿ, ಆಸ್ಟನ್ ಮಾರ್ಟಿನ್‌ಗಳ ಜಿಟಿ ದಂಡು. ನಮಗೆ ಹತ್ತಿರದ ಕಾರಣವೂ ಒಂದಿತ್ತು. ರೇಸಿಂಗ್ ಟೀಮ್ ಇಂಡಿಯಾ ಹೆಸರಿನಲ್ಲಿ ನರೇನ್ ಕಾರ್ತಿಕೇಯನ್, ಬೆಂಗಳೂರಿನ ಅರ್ಜುನ್ ಮೈನಿ, ನವೀನ್ ರಾವ್ ಮೂವರೂ ಒಂದೇ ಎಲ್‌ಎಂಪಿ2 ಗಾಡಿ ಹಂಚಿಕೊಂಡಿದ್ದರು. ಪ್ರಶಸ್ತಿ ಜಿ-ಡ್ರೈವ್ ತಂಡಕ್ಕೆ ಹೋಯಿತು: ಚೀನಾದ ಯೆ ಯಿಫೈ, ಆಸ್ಟ್ರಿಯಾದ ರೆನೆ ಬಿಂಡರ್ ಮತ್ತು ಫರ್ಡಿನಾಂಡ್ ಹ್ಯಾಬ್ಸ್‌ಬರ್ಗ್. ಕೊನೆಯವನು ಆಸ್ಟ್ರಿಯಾದ ಹಳೆಯ ಚಕ್ರವರ್ತಿ ಮನೆತನದ ಕುಡಿ. ರಾಜ್ಯ ಹೋದರೂ ಸವಾರಿ ಬಿಟ್ಟಿಲ್ಲ.

ಈಗ ಅಸಲು ಮಾತು. ಎಲ್‌ಎಂಪಿ2 ಗಾಡಿ ಜಿಟಿಗಿಂತ ಸುತ್ತಿಗೆ ಹತ್ತು ಸೆಕೆಂಡಿಗೂ ಹೆಚ್ಚು ಬೇಗ. ಹೀಗಾಗಿ ಹತ್ತು-ಹನ್ನೊಂದು ಸುತ್ತಿಗೊಮ್ಮೆ ಪ್ರತಿಯೊಂದು ಜಿಟಿಯನ್ನೂ ಅದು ಮತ್ತೆ ಎದುರುಗೊಂಡು ದಾಟಲೇಬೇಕು. ಇಲ್ಲಿ ನೀಲಿ ಬಾವುಟ ಬರೀ ಸೂಚನೆ: ಹಿಂದೆ ಯಾರೋ ಬಂದರು, ಗಮನವಿರಲಿ, ಅಷ್ಟೇ. ನಿಧಾನದವನ ಧರ್ಮ ತನ್ನ ಸಾಲು ಬಿಡದಿರುವುದು. ದಾರಿ ಹುಡುಕುವ ಹೊಣೆ ವೇಗದವನದು. ಮಳಖೇಡದ ಮೇಲೆ ಸೇಡಂ–ಕಲಬುರಗಿ ರಸ್ತೆಯಲ್ಲಿ ಸಿಮೆಂಟ್ ಬಲ್ಕರ್ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲ್ಕರ್ ತನ್ನ ಪಾಡಿಗೆ ನೆಟ್ಟಗೆ ಹೋದರೆ ಭಯವಿಲ್ಲ. ದಾರಿ ಬಿಡುತ್ತೇನೆಂದು ಅದು ಅರ್ಧಂಬರ್ಧ ಸರಿದಾಗಲೇ ಎದೆ ಝಲ್ಲೆನ್ನುವುದು.

ಲೆಕ್ಕ ಹಾಕಿ. ಟ್ರ್ಯಾಕಿನಲ್ಲಿ ಇಪ್ಪತ್ತು ಜಿಟಿ ಇವೆ ಅಂದುಕೊಳ್ಳಿ. ನಾಲ್ಕು ತಾಸಿನಲ್ಲಿ ಪ್ರತಿಯೊಂದನ್ನೂ ಹತ್ತು ಸಲ ದಾಟಿದರೆ ಇನ್ನೂರು ಓವರ್‌ಟೇಕ್. ಒಂದೊಂದರಲ್ಲಿ ಅರ್ಧ ಸೆಕೆಂಡು ಕಳೆದುಕೊಂಡರೂ ಕೊನೆಗೆ ನೂರು ಸೆಕೆಂಡು. ಅಂದರೆ ಹತ್ತಿರ ಹತ್ತಿರ ಒಂದು ಸುತ್ತೇ ಹೋಯಿತು. ಗೆಲ್ಲುವವನು ಖಾಲಿ ಟ್ರ್ಯಾಕಿನಲ್ಲಿ ಗೆಲ್ಲುವುದಿಲ್ಲ ಸ್ವಾಮಿ, ಈ ಗದ್ದಲದಲ್ಲಿ ಗೆಲ್ಲುತ್ತಾನೆ.

ಕಣ್ಣಿಟ್ಟು ನೋಡಬೇಕಾದದ್ದು ಇದು. ಜಿಟಿ ಗಾಡಿ ತಿರುವಿಗೆ ಹೊರಳುತ್ತಿದೆ, ಹಿಂದೆ ಎಲ್‌ಎಂಪಿ2 ದೀಪ ಮಿನುಗಿಸುತ್ತಾ ಬಂತು. ಎಳಸು ಚಾಲಕ ಒಳಗಡೆ ಮೂತಿ ತೂರಿಸುತ್ತಾನೆ; ಇಬ್ಬರೂ ಬ್ರೇಕ್ ಹಾಕಿ, ಇಬ್ಬರೂ ಸಾಲು ಕೆಡಿಸಿಕೊಂಡು, ತಿರುವಿನಿಂದ ತೆವಳುತ್ತಾ ಹೊರಬರುತ್ತಾರೆ. ಪಳಗಿದವನು ತಿರುವಿಗೆ ಮೊದಲೇ ಕಾಲು ತುಸು ಸಡಿಲಿಸಿ ಅಂತರ ಇಟ್ಟುಕೊಳ್ಳುತ್ತಾನೆ. ಜಿಟಿಯನ್ನು ಅದರ ಪಾಡಿಗೆ ತಿರುಗಲು ಬಿಡುತ್ತಾನೆ. ತಾನು ಸ್ಟಿಯರಿಂಗ್ ಬೇಗ ನೆಟ್ಟಗೆ ಮಾಡಿಕೊಂಡು ಹೊರಹೋಗುವಾಗ ಆಕ್ಸಿಲರೇಟರ್ ಒತ್ತಿ, ನೇರ ದಾರಿಯ ಮೊದಲ ನೂರು ಮೀಟರಿನಲ್ಲೇ ಪಕ್ಕದಿಂದ ಹಾದು ಹೋಗುತ್ತಾನೆ. ಜಿಟಿಯವನ ಗಾಡಿ ಕದಲುವುದೂ ಇಲ್ಲ. ಯಾಸ್ ಮರೀನಾದಲ್ಲಿ ಹೋಟೆಲಿನ ಸುತ್ತ ಸುತ್ತುವ ಇಕ್ಕಟ್ಟು ತಿರುವುಗಳಿವೆಯಲ್ಲ, ಅಲ್ಲಿಗೆ ಬರುವ ಮುಂಚೆ ಜಿಟಿಯನ್ನು ದಾಟಿದನೋ ಇಲ್ಲವೋ ನೋಡಿ. ದಾಟದಿದ್ದರೆ ಅಷ್ಟೂ ದೂರ ಅದರ ಬಾಲ ನೋಡಿಕೊಂಡೇ ಬರಬೇಕು.

ನನ್ನ ಕಣ್ಣು ತೆರೆದದ್ದು 2012ರ ಜೂನಿನಲ್ಲಿ. ಕರುಣ್ ಚಂಧೋಕ್ ಲ್ ಮಾನ್ಸ್ ಓಟಕ್ಕಿಳಿದ ಮೊದಲ ಭಾರತೀಯ ಎಂಬ ಹೆಮ್ಮೆಗೆ ನೋಡಲು ಕೂತಿದ್ದೆ. ಮೂರು ವರ್ಷ ಮುಂಚೆಯೇ ಕಾರ್ತಿಕೇಯನ್‌ಗೆ ಆ ಪಟ್ಟ ಸಿಗಬೇಕಿತ್ತು. ಓಟಕ್ಕೆ ಸ್ವಲ್ಪ ಮುಂಚೆ ಪಿಟ್ ಗೋಡೆ ಹಾರಲು ಹೋಗಿ ಭುಜ ಜಾರಿಸಿಕೊಂಡ ಪುಣ್ಯಾತ್ಮ. ಚಂಧೋಕ್ ತಂಡ ಒಟ್ಟಾರೆ ಆರನೆಯದಾಗಿ ಮುಗಿಸಿತು, ಒಳ್ಳೆಯದೇ. ಆದರೆ ಆ ಸಂಜೆ ಮುಲ್ಸಾನ್ ತಿರುವಿನ ಹತ್ತಿರ ಆಂಥೊನಿ ಡೇವಿಡ್‌ಸನ್ ಟೊಯೊಟಾ ಒಂದು ಫೆರಾರಿ ಜಿಟಿಯನ್ನು ದಾಟುತ್ತಿತ್ತು. ಎರಡೂ ತಾಗಿದವು. ಟೊಯೊಟಾ ಗಾಳಿಗೆ ಎದ್ದು, ಮಗುಚಿ, ತಡೆಗೋಡೆಗೆ ಬಡಿಯಿತು. ಡೇವಿಡ್‌ಸನ್ ಬೆನ್ನುಮೂಳೆಯ ಎರಡು ಕಡೆ ಬಿರುಕು. ಫೆರಾರಿಯಲ್ಲಿದ್ದವನು ಹವ್ಯಾಸಿ ಚಾಲಕ. ಜೊತೆಗಿದ್ದವರು ಆ ಹಾರಾಟವನ್ನೇ ಮತ್ತೆ ಮತ್ತೆ ನೋಡಿದರು. ನಾನು ಅದಕ್ಕೆ ಹಿಂದಿನ ಮೂರು ಸೆಕೆಂಡನ್ನು ನೋಡುತ್ತಾ ಕೂತೆ: ಡೇವಿಡ್‌ಸನ್ ತಾನು ಫೆರಾರಿಯವನಿಗೆ ಕಾಣಿಸಿದೆನೆಂದು ನಂಬಿದ್ದ, ಅವನಿಗೆ ಇವನು ಕಂಡಿರಲೇ ಇಲ್ಲ. ಅಂದಿನಿಂದ ಮುಂದಿನ ಗಾಡಿ ನೋಡುವುದನ್ನು ಬಿಟ್ಟೆ.

ಆದ್ದರಿಂದ ಹೀಗೆ ಮಾಡಿ. ಒಂದು ಜಿಟಿ ಗಾಡಿ ಆರಿಸಿಕೊಂಡು ಒಂದು ತಾಸು ಅದನ್ನೇ ನೋಡಿ. ಓಡಿಸುತ್ತಿರುವವನು ಕಂಚಿನ ದರ್ಜೆಯವನಾಗಿದ್ದರೆ ಇನ್ನೂ ಒಳ್ಳೆಯದು. ಚಾಲಕರನ್ನು ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸುತ್ತಾರೆ. ಕಂಚಿನವರು ಬೇರೆ ಉದ್ಯೋಗ ಇಟ್ಟುಕೊಂಡು ಸ್ವಂತ ದುಡ್ಡು ಹಾಕಿ ಬರುವ ಹವ್ಯಾಸಿಗಳು. ಜನ ಇವರನ್ನು ಹಂಗಿಸುತ್ತಾರೆ. ನನಗೆ ಇವರೇ ಅಚ್ಚುಮೆಚ್ಚು. ನಾಲ್ಕು ತಾಸು ಕನ್ನಡಿಯಲ್ಲಿ ಯಾರೋ ಒಬ್ಬರು ನುಗ್ಗಿ ಬರುತ್ತಲೇ ಇದ್ದಾರೆ, ಆದರೂ ಸಾಲು ಬಿಡುವುದಿಲ್ಲ ಎಂದರೆ ಅದಕ್ಕೆ ಗುಂಡಿಗೆ ಬೇಕು.

ಉಳಿದದ್ದು ಪಿಟ್ಟು, ಪೆಟ್ರೋಲು, ಟೈರು. ಚಾಲಕ ಬದಲಾಗುವಾಗ ಬೆಲ್ಟ್ ಬಿಗಿಯುವ ಕೈಗಳನ್ನು ಒಂದು ಸಲ ನೋಡಿ, ಸಾಕು. ಎಂಜಿನ್ ಬಗ್ಗೆ ವಾದ ಬೇಡ. ಎಲ್‌ಎಂಪಿ2 ಎಲ್ಲಕ್ಕೂ ಒಂದೇ ಗಿಬ್ಸನ್ ವಿ8. ಹೈದರಾಬಾದಿನ ಲೀಗಿನಲ್ಲೂ ಎಲ್ಲರಿಗೂ ಒಂದೇ ಇಟಲಿಯ ವುಲ್ಫ್ ಗಾಡಿ. ಅಕ್ಷರಾಭ್ಯಾಸಕ್ಕೆ ಪರವಾಗಿಲ್ಲ, ಜಾತಿ ಬೆರೆಯದ ಓಟದಲ್ಲಿ ಕಾವ್ಯ ಹುಟ್ಟುವುದಿಲ್ಲ. ಅರ್ಜುನ್ ಮೈನಿ 2021ರಲ್ಲೇ ಜರ್ಮನಿಯ ಡಿಟಿಎಂ ಸರಣಿಗೆ ಹೋದ ಮೊದಲ ಭಾರತೀಯನಾದ, ಮರ್ಸಿಡಿಸ್ ಜಿಟಿ ಗಾಡಿಯಲ್ಲಿ. ಫೆಬ್ರವರಿಯಲ್ಲಿ ಜಿಟಿಗಳನ್ನು ದಾಟುತ್ತಿದ್ದವನು ತಾನೇ ಜಿಟಿ ಚಾಲಕನಾದ. ಇದನ್ನು ಬಡ್ತಿಯಲ್ಲ ಎನ್ನುವವರ ಜೊತೆ ನನಗೆ ಮಾತಿಲ್ಲ.

ಏಷ್ಯನ್ ಲ್ ಮಾನ್ಸ್ ಸರಣಿಯ ಈಚಿನ ಸೀಸನ್ನುಗಳು ಡಿಸೆಂಬರಿನಲ್ಲಿ ಮಲೇಷ್ಯಾದ ಸೆಪಾಂಗಿನಿಂದ ಶುರುವಾಗಿ ಫೆಬ್ರವರಿಗೆ ಅಬುಧಾಬಿಯಲ್ಲಿ ಮುಗಿಯುತ್ತಿವೆ. ನಮ್ಮಲ್ಲಿ ತೊಗರಿ ರಾಶಿ ಮಾಡುವ ಹೊತ್ತು. ಚಿಂಚೋಳಿಯವರಿಗೆ ಪುರುಸೊತ್ತು ಕಮ್ಮಿ, ಆದರೂ ಸೆಪಾಂಗ್ ತಪ್ಪಿಸಬೇಡಿ. ಅಲ್ಲಿ ಮಧ್ಯಾಹ್ನದ ಮೇಲೆ ಮಳೆ ಯಾವಾಗ ಸುರಿಯುವುದೋ ಹೇಳಲಾಗದು. ಮುಂದಿನವನ ಚಕ್ರ ಎಬ್ಬಿಸಿದ ನೀರಿನ ಹೊಗೆಯೊಳಗೆ ಎಲ್‌ಎಂಪಿ2 ಹೊಕ್ಕಾಗ, ಆಚೆ ಕಡೆಯಿಂದ ಮೊದಲು ಯಾವ ಗಾಡಿ ಬಂತು ಎಂದು ನೋಡಿ.