ರಂಗಾಚಾರ್ಯರ ‘ಗಣಿತಸಾರಸಂಗ್ರಹ’ ಮುದ್ರಣ: ಒಂದು ವಿಮರ್ಶೆ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವು ಮೊದಲ ಬಾರಿಗೆ ಅಚ್ಚಾದುದು 1912ರಲ್ಲಿ, ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ. ಅಲ್ಲಿಯ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮುಖ್ಯಸ್ಥರಾಗಿದ್ದ ಎಂ. ರಂಗಾಚಾರ್ಯರು ಮೂಲವನ್ನು ಪರಿಷ್ಕರಿಸಿ, ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜೀನ್ ಸ್ಮಿತ್ ಪೀಠಿಕೆ ಬರೆದರು. ಈಗ ದುರ್ಲಭವಾಗಿರುವ ಈ ಮುದ್ರಣವು ಜೈನ ಗಣಿತಕ್ಕೆ ಮಾಡಿದ ಉಪಕಾರ ದೊಡ್ಡದು. ಅದು ಉಳಿಸಿಹೋದ ಕೆಲಸವೂ ಸಣ್ಣದಲ್ಲ.

ಗ್ರಂಥಾರಂಭದಲ್ಲಿ ಆಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾರೆ. ಹೊಸರಿತ್ತಿ, ಬಂಕಾಪುರಗಳಿರುವ ಇಂದಿನ ಹಾವೇರಿ ಸೀಮೆಯು ಆಗ ಬನವಾಸಿ ನಾಡಿಗೆ ಸೇರಿ, ಆ ಚಕ್ರವರ್ತಿಯ ಸಾಮಂತ ಬಂಕೇಯನ ಆಡಳಿತದಲ್ಲಿತ್ತು. ಬಂಕೇಯನ ಹೆಸರು ಹೊತ್ತ ಬಂಕಾಪುರದಲ್ಲಿಯೇ ಶಕ 820ರಲ್ಲಿ ಗುಣಭದ್ರಾಚಾರ್ಯರ ‘ಉತ್ತರಪುರಾಣ’ವು ಪೂಜೆಗೊಂಡಿತು. ಪುರಾಣವನ್ನೂ ಗಣಿತವನ್ನೂ ಸಮಾನವಾಗಿ ಆದರಿಸಿದ ಕಾಲವದು.

ರಂಗಾಚಾರ್ಯರಿಗೆ ಒದಗಿದ ಆಕರಗಳು ಮದರಾಸು, ಮೈಸೂರು ಮತ್ತು ಮೂಡುಬಿದಿರೆಯವು. ಒಂದು ಗ್ರಂಥಲಿಪಿಯ ಕಾಗದದ ಪ್ರತಿ. ಕನ್ನಡ ಲಿಪಿಯ ಓಲೆಗಳೂ ಅವುಗಳಲ್ಲಿದ್ದವು. ಅಪೂರ್ಣ ಪ್ರತಿಗಳನ್ನು ತಾಳೆನೋಡಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು, ಒಂಬತ್ತು ಅಧಿಕಾರಗಳ ಮೂಲವನ್ನು ಓದಬಲ್ಲಂತೆ ಮಾಡಿದ ಶ್ರಮ ಸ್ತುತ್ಯರ್ಹವಾದುದು. ಸಂಖ್ಯಾವಾಚಕ ಪದಗಳು, ಮಾನಕೋಷ್ಠಕಗಳು, ಲೆಕ್ಕಗಳ ಉತ್ತರಗಳು ಅನುಬಂಧದಲ್ಲಿವೆ. ಋಣರಾಶಿಗೆ ಸ್ವಭಾವತಃ ವರ್ಗಮೂಲವಿಲ್ಲವೆಂಬ ಆಚಾರ್ಯರ ವಚನವೂ, ವಸ್ತುಗಳ ಸಂಯೋಗಸಂಖ್ಯೆಯನ್ನು ಕಾಣುವ ಸಾಮಾನ್ಯ ಸೂತ್ರವೂ ಹೊರಜಗತ್ತಿಗೆ ತಿಳಿದುಬಂದುದು ಈ ಪುಸ್ತಕದಿಂದಲೇ.

ಆದರೆ ಮುದ್ರಣದಲ್ಲಿ ಒಂದು ಕೊರತೆಯುಂಟು. ಮೈಸೂರಿನ ಪ್ರತಿಯಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯಿತ್ತು. ಸಂಪಾದಕರು ಅದರ ನೆರವು ಪಡೆದರೇ ಹೊರತು ಟೀಕೆಯನ್ನು ಅಚ್ಚುಮಾಡಲಿಲ್ಲ. ಇದರಿಂದಾದ ನಷ್ಟವನ್ನು ಎರಡು ಸ್ಥಳಗಳಲ್ಲಿ ಕಾಣಬಹುದು. ಶೂನ್ಯದಿಂದ ಭಾಗಿಸಿದ ರಾಶಿಯು ಅವಿಕಾರಿಯೆಂದು ಮೂಲ ಹೇಳುತ್ತದೆ. ಇದು ಇಂದಿನ ಗಣಿತಕ್ಕೆ ಒಪ್ಪುವುದಿಲ್ಲ. ಆಯತವೃತ್ತದ ಪರಿಧಿಯನ್ನು ಕಾಲುಭಾಗ ಕಿರುವ್ಯಾಸದಿಂದ ಗುಣಿಸಿದರೆ ಕ್ಷೇತ್ರಫಲವೆನ್ನುವ ಸೂತ್ರವೂ ಅಷ್ಟೆ. 36 ಮತ್ತು 12 ವ್ಯಾಸಗಳಿಗೆ ಅದು ಸುಮಾರು 233 ಕೊಡುತ್ತದೆ. ನಿಜವಾದ ಫಲ ಸುಮಾರು 339. ಇಂತಹ ಕಡೆ ಪಾಠವೇ ಕೆಟ್ಟಿದೆಯೋ, ಆಚಾರ್ಯರ ಅಭಿಪ್ರಾಯವೇ ಹಾಗೋ ಎಂಬ ನಿರ್ಣಯಕ್ಕೆ ಟೀಕಾಕಾರನ ಸಾಕ್ಷ್ಯ ಅವಶ್ಯಕ. ಗುರುಶಿಷ್ಯ ಪರಂಪರೆಯಲ್ಲಿ ಈ ಗಣಿತವನ್ನು ಕಲಿಸಿದ ಭಾಷೆ ಕನ್ನಡವೂ ಆಗಿತ್ತು ಎಂಬುದಕ್ಕೆ ಆ ಟೀಕೆಯೇ ಆಧಾರ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದಂತಹ ಕನ್ನಡ ಕೃತಿಗಳ ಹಿನ್ನೆಲೆಯನ್ನು ಅರಿಯುವುದಕ್ಕೂ ಅದು ಬೇಕು.

1963ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದವು. ಅನುವಾದಗಳು ಹೆಚ್ಚಿದರೂ ಮೂಲದ ಪಾಠನಿರ್ಣಯಕ್ಕೆ ರಂಗಾಚಾರ್ಯರ ಮುದ್ರಣವೇ ನೆಲೆಗಟ್ಟು. ಬಸದಿಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಉಳಿದ ಗಣಿತದ ಓಲೆಗಳನ್ನು ಬರಿಯ ಲೆಕ್ಕದ ಕಟ್ಟುಗಳೆಂದು ಕಡೆಗಣಿಸದೆ, ಈ ಮುದ್ರಣದ ಪಾಠಾಂತರಗಳೊಡನೆ ತಾಳೆನೋಡುವುದು ಪಂಡಿತರ ಮುಂದಿರುವ ಕರ್ತವ್ಯ.